ಜಾಣನ ಮನೆಯವರ ಕಥೆ

‘ಯಂಗ್ ಶೆಲ್ಡನ್’ ಮುಗಿದಿದೆ, ಅದರ ಸುತ್ತಲಿನ ಜಗಳ ಮುಗಿದಿಲ್ಲ. ನಗುವೇ ಇಲ್ಲ ಎಂದು ಎದ್ದು ಹೋದವರಿದ್ದಾರೆ, ಅಳುತ್ತಾ ಕೊನೆಯ ಕಂತಿನವರೆಗೆ ಕೂತವರಿದ್ದಾರೆ. ಟೆಕ್ಸಾಸ್‌ನ ಈ ಅತಿಜಾಣ ಹುಡುಗನ ಮನೆಗೆ ಆಲೂರಿನ ಮಳೆರಜೆಯಲ್ಲಿ ಹೊಕ್ಕು ನೋಡಿದರೆ ಕಾಣುವುದು ಹುಡುಗನಿಗಿಂತ ಅವನ ಪಕ್ಕದಲ್ಲಿ ಕೂತವರು!

ಪುಷ್ಯ ಮಳೆ ಹಿಡಿದುಕೊಂಡಿತ್ತು. ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ತಾಲ್ಲೂಕುಗಳ ಶಾಲೆಗಳಿಗೆ ರಜೆ ಎಂಬ ಜಿಲ್ಲಾಧಿಕಾರಿಗಳ ಆದೇಶ ಬೆಳಗಾಗುವಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತ್ತು. ಪಾಳ್ಯದ ಕಡೆಯ ದೊಡ್ಡಮ್ಮನ ಮನೆಯಲ್ಲಿ ಮಕ್ಕಳು ಕಂಬಳಿಯೊಳಗೇ ಕುಣಿದಿದ್ದರು.

ತೋಟಕ್ಕೆ ಕಾಲಿಡುವ ಹಾಗಿರಲಿಲ್ಲ. ಹಂಚಿನ ಮೇಲೆ ಸುರಿಯುವ ನೀರಿನ ಸದ್ದಿಗೆ ಟಿವಿಯ ಮಾತು ಕೇಳುತ್ತಿರಲಿಲ್ಲ. ಕರೆಂಟು ಹೋಗಿ ಬಂದು ಆಡುತ್ತಿತ್ತು, ಯುಪಿಎಸ್ ಕೀಂಗುಡುತ್ತಿತ್ತು. ಒಲೆಯ ಬಳಿ ಹಲಸಿನ ಬೀಜ ಸುಡುತ್ತಿದ್ದ ವಾಸನೆ ನಡುಮನೆಗೆಲ್ಲ ಹಬ್ಬಿತ್ತು.

ಪರದೆಯ ಮೇಲೆ ಅಮೆರಿಕದ ಒಂದು ಮನೆ. ಊಟದ ಮೇಜಿನ ಸುತ್ತ ಐದು ಮಂದಿ. ಪ್ರಾರ್ಥನೆಗೆಂದು ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದುಕೊಳ್ಳಬೇಕು. ಒಂಬತ್ತು ವರ್ಷದ ಹುಡುಗನೊಬ್ಬ ಮೊದಲು ಕೈಗೆ ಉಣ್ಣೆಯ ಗವಸು ತೊಟ್ಟುಕೊಳ್ಳುತ್ತಾನೆ. ಅಣ್ಣ ತಂಗಿಯರ ಕೈಯಲ್ಲಿ ಕ್ರಿಮಿ ಇರುತ್ತದೆಂದು ಅವನಿಗೆ ಹೇಸಿಗೆ.

“ಉಣ್ಣಕ್ ಕೂತಾಗ ಆ ಹುಡ್ಗ ಕೈಗೆ ಚೀಲ ಯಾಕೆ ಹಾಕ್ಕಂಡ?” ದೊಡ್ಡಮ್ಮ ಕೇಳಿದರು.

“ಅವ್ನು ಭಾರಿ ಬುದ್ಧಿವಂತ ದೊಡ್ಡಮ್ಮ, ಹಂಗೇ ಅವ್ನು,” ಎಂದ ಒಂಬತ್ತನೇ ಕ್ಲಾಸಿನ ಹುಡುಗ. ಅವನಿಗೆ ಶೆಲ್ಡನ್ ಎಂದರೆ ಪ್ರಾಣ.

ಬೆಂಗಳೂರಿನ ಕಂಪನಿಯಿಂದ ರಜೆ ಹಾಕಿ ಬಂದಿದ್ದ ಅಣ್ಣ ಮೊಬೈಲಿನಿಂದ ತಲೆ ಎತ್ತದೆ, “ದೊಡ್ಡ ಶೆಲ್ಡನ್ನೇ ಚೆನ್ನಾಗಿದ್ದ. ಇದ್ರಲ್ಲಿ ನಗೋಕೆ ಏನೂ ಇಲ್ಲ,” ಎಂದ. ಮಂಗಳೂರಿನಲ್ಲಿ ಓದುವ ಅವನ ತಂಗಿ ಅದಕ್ಕೆ ಜಗಳಕ್ಕೇ ನಿಂತಳು. ದೊಡ್ಡಮ್ಮನ ಕಣ್ಣು ಮಾತ್ರ ಮೇಜಿನ ಇನ್ನೊಂದು ಬದಿಯಲ್ಲಿತ್ತು. “ಆ ಹೆಣ್ಣುಮಗೀನ ಯಾರೂ ಮಾತಾಡ್ಸೋದೇ ಇಲ್ವಲ್ಲೋ!”

ಇಂಗ್ಲಿಷ್ ಬಾರದ ದೊಡ್ಡಮ್ಮ ಹೇಳಿದ ಈ ಮಾತು, ಈ ಧಾರಾವಾಹಿಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ. ಜಗತ್ತಿನಾದ್ಯಂತ ಇದರ ನೋಡುಗರು ಏಳು ಸೀಸನ್ ಕಿತ್ತಾಡಿದ್ದು ಆ ನಡುಮನೆಯಲ್ಲಿ ಎದ್ದ ಪ್ರಶ್ನೆಗಳಿಗಾಗಿಯೇ.

ನಗುವ ಸದ್ದು ಎಲ್ಲಿ ಹೋಯಿತು?

ಗೊತ್ತಿಲ್ಲದವರಿಗಾಗಿ ಹಿನ್ನೆಲೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2007ರ ಸೆಪ್ಟೆಂಬರ್‌ನಲ್ಲಿ ‘ದಿ ಬಿಗ್ ಬ್ಯಾಂಗ್ ಥಿಯರಿ’ ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ವಾಸಿಸುವ ನಾಲ್ವರು ವಿಜ್ಞಾನಿ ಗೆಳೆಯರು, ಎದುರು ಮನೆಗೆ ಬಂದ ಒಬ್ಬ ಹುಡುಗಿ, ಇಷ್ಟೇ ಕಥೆ. ಅದು 12 ಸೀಸನ್, 279 ಕಂತು ಓಡಿ 2019ರ ಮೇ 16ರಂದು ಮುಗಿಯಿತು.

ಅದರ ಜೀವಾಳ ಶೆಲ್ಡನ್ ಕೂಪರ್. ಭೌತವಿಜ್ಞಾನದ ಮೇಧಾವಿ, ಆದರೆ ಎದುರಿನವರ ಮನಸ್ಸು ಅರಿಯದವನು. ಸೋಫಾದಲ್ಲಿ ತನ್ನದೇ ಒಂದು ಜಾಗ ಬೇಕು, ಬಾಗಿಲು ತಟ್ಟಿದರೆ ಮೂರು ಸಲವೇ ತಟ್ಟಬೇಕು. ಜಿಮ್ ಪಾರ್ಸನ್ಸ್ ಆ ಪಾತ್ರಕ್ಕೆ ನಾಲ್ಕು ಎಮ್ಮಿ ಪ್ರಶಸ್ತಿ ಪಡೆದರು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಿದಾಡಿದ ಧಾರಾವಾಹಿ ಅದು. ಮಲೆನಾಡಿನಿಂದ ಹೋಗಿ ಬೆಂಗಳೂರಿನ ಪಿಜಿಗಳಲ್ಲಿ ಇದ್ದ ಒಂದು ಇಡೀ ತಲೆಮಾರು ಅದನ್ನು ನೋಡಿ ನಕ್ಕಿದೆ.

ಆ ಶೆಲ್ಡನ್ ಚಿಕ್ಕವನಿದ್ದಾಗ ಹೇಗಿದ್ದ? ಕವಲೊಡೆದ ಧಾರಾವಾಹಿ ಹುಟ್ಟಿದ್ದು ಈ ಕುತೂಹಲದಿಂದ. ಇದರ ಮೊದಲ ಯೋಚನೆ ಬಂದದ್ದು ಸ್ವತಃ ಪಾರ್ಸನ್ಸ್‌ ಅವರಿಗೆ, ತಮ್ಮ ಬಂಧುವಾದ ಒಬ್ಬ ಚುರುಕು ಹುಡುಗನನ್ನು ನೋಡಿ. ಚಕ್ ಲೋರಿ ಮತ್ತು ಸ್ಟೀವನ್ ಮೊಲಾರೊ ಅದನ್ನು ಕಟ್ಟಿದರು. 2017ರ ಸೆಪ್ಟೆಂಬರ್ 25ರಂದು ಮೊದಲ ಕಂತು ಬಂದಾಗ ಅಮೆರಿಕದಲ್ಲಿ 1.7 ಕೋಟಿ ಜನ ಕೂತು ನೋಡಿದರು. ಕಥೆ ನಡೆಯುವುದು ಟೆಕ್ಸಾಸ್‌ನ ಮೆಡ್‌ಫರ್ಡ್ ಎಂಬ ಕಲ್ಪಿತ ಊರಿನಲ್ಲಿ, ಶುರುವಾಗುವುದು 1989ರಲ್ಲಿ. ಒಂಬತ್ತರ ಹುಡುಗ ನೇರ ಹೈಸ್ಕೂಲಿಗೆ ಹೋಗುತ್ತಾನೆ, ತನ್ನ ಅಣ್ಣ ಕೂತಿರುವ ತರಗತಿಗೇ!

ಮೊದಲ ತಕರಾರು ಎದ್ದದ್ದು ಸದ್ದಿನ ಬಗ್ಗೆ. ‘ಬಿಗ್ ಬ್ಯಾಂಗ್’ ಚಿತ್ರೀಕರಣವಾಗುತ್ತಿದ್ದುದು ಸ್ಟುಡಿಯೋದಲ್ಲಿ, ಎದುರಿಗೆ ಕೂತ ಪ್ರೇಕ್ಷಕರ ಮುಂದೆ, ಏಕಕಾಲಕ್ಕೆ ಹಲವು ಕ್ಯಾಮೆರಾ ಇಟ್ಟು. ಪ್ರತಿ ಮಾತಿನ ಕೊನೆಗೂ ನಗು ಕೇಳುತ್ತಿತ್ತು. ‘ಯಂಗ್ ಶೆಲ್ಡನ್’ ಒಂದೇ ಕ್ಯಾಮೆರಾದ ಕೆಲಸ, ಸಿನಿಮಾದ ಹಾಗೆ. ನಗುವ ಗುಂಪಿಲ್ಲ. ಅಪ್ಪ ಬಿಯರ್ ಹಿಡಿದು ಸುಮ್ಮನೆ ಕೂತರೆ ಆ ಮೌನ ಹಾಗೆಯೇ ಉಳಿಯುತ್ತದೆ. ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹೊರಗೆ ನೋಡಿದರೆ ನಾವೂ ನೋಡುತ್ತಾ ನಿಲ್ಲುತ್ತೇವೆ.

ನಗಲೆಂದೇ ಬಂದವರಿಗೆ ಇದು ಮೋಸ ಎನಿಸಿತು. ದೊಡ್ಡವನ ಬಾಯಲ್ಲಿ ತಮಾಷೆಯಾಗಿದ್ದ ಮಾತು ಮಗುವಿನ ಬಾಯಲ್ಲಿ ಉದ್ಧಟತನವಾಗಿ ಕೇಳಿತು. ಶಾಲೆಯ ಮೊದಲ ದಿನವೇ ಸಹಪಾಠಿಗಳ, ಕೊನೆಗೆ ಮೇಷ್ಟ್ರ ಉಡುಪಿನಲ್ಲೂ ನಿಯಮಭಂಗ ಹುಡುಕಿ ಹೇಳುವ ಹುಡುಗ ಅವನು. ನಮ್ಮ ಅಣ್ಣನಂತೆ ಅನೇಕರು ಅಲ್ಲಿಗೇ ಎದ್ದು ಹೋದರು. ಅವರ ದೂರು ಸುಳ್ಳಲ್ಲ. ಮೊದಲ ಎರಡು ಸೀಸನ್‌ಗಳಲ್ಲಿ ಬರಹಗಾರರು ಹಳೆಯ ಶೆಲ್ಡನ್ನನ ಚಾಳಿಗಳನ್ನು ಒಂದೊಂದಾಗಿ ಚಿಕ್ಕವನ ಮೈಗೆ ತೊಡಿಸುವ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಸಮಯ ಕೊಟ್ಟಿದ್ದಾರೆ.

■ ಚುಟುಕು ಮಾಹಿತಿ
‘ಯಂಗ್ ಶೆಲ್ಡನ್’ 7 ಸೀಸನ್, 141 ಕಂತು. 2024ರ ಮೇ 16ಕ್ಕೆ ಮುಕ್ತಾಯ.
ಬಾಲಕ ಶೆಲ್ಡನ್ ಆದ ಇಯಾನ್ ಆರ್ಮಿಟೇಜ್ ಹುಟ್ಟಿದ್ದು 2008ರಲ್ಲಿ. ಈ ಪಾತ್ರಕ್ಕೂ ಮೊದಲು ಅವನು ಯೂಟ್ಯೂಬ್‌ನಲ್ಲಿ ನಾಟಕಗಳನ್ನು ವಿಮರ್ಶೆ ಮಾಡುತ್ತಿದ್ದ ಪುಟ್ಟ ಪೋರ.
‘ಬಿಗ್ ಬ್ಯಾಂಗ್’ನಲ್ಲಿ ತಾಯಿ ಮೇರಿ ಪಾತ್ರ ಮಾಡಿದವರು ಲಾರಿ ಮೆಟ್‌ಕಾಫ್. ಇಲ್ಲಿ ಅದೇ ತಾಯಿಯ ಎಳೆಯ ರೂಪ ಅವರ ಸ್ವಂತ ಮಗಳು ಜೋಯಿ ಪೆರಿ.
ಅಪ್ಪ ಜಾರ್ಜ್ ಪಾತ್ರದ ಲ್ಯಾನ್ಸ್ ಬಾರ್ಬರ್ ‘ಬಿಗ್ ಬ್ಯಾಂಗ್’ನ ಒಂದು ಕಂತಿನಲ್ಲಿ ಬೇರೊಂದು ಪಾತ್ರವಾಗಿ ಬಂದುಹೋಗಿದ್ದರು.

ಅಪ್ಪನ ಮೇಲಿನ ಮೊಕದ್ದಮೆ

ಎರಡನೆಯ ಜಗಳ ಅಪ್ಪನದು, ಮತ್ತು ಇದೇ ದೊಡ್ಡದು.

‘ಬಿಗ್ ಬ್ಯಾಂಗ್’ನಲ್ಲಿ ಶೆಲ್ಡನ್ ತನ್ನ ತಂದೆಯ ಬಗ್ಗೆ ಆಡಿದ್ದೆಲ್ಲ ಕೆಟ್ಟ ಮಾತೇ. ಕುಡುಕ, ಅಮ್ಮನ ಜೊತೆ ಸದಾ ಜಗಳ. ಹದಿಮೂರನೇ ವಯಸ್ಸಿನಲ್ಲಿ ಮನೆಗೆ ಬಂದಾಗ ಅಪ್ಪ ಪರಹೆಂಗಸಿನ ಜೊತೆಗಿದ್ದುದನ್ನು ಕಣ್ಣಾರೆ ಕಂಡೆ ಎಂದೂ ಹೇಳಿಬಿಟ್ಟಿದ್ದ. ಆ ಮಾತನ್ನು ನಂಬಿ ಬಂದ ನೋಡುಗರಿಗೆ ಇಲ್ಲಿ ಸಿಕ್ಕಿದ್ದು ಬೇರೆಯೇ ಜಾರ್ಜ್. ಶಾಲೆಯ ಫುಟ್ಬಾಲ್ ಕೋಚ್. ಸುಸ್ತಾದ, ಹೊಟ್ಟೆ ಬಂದ, ಸಾಲದ ಚಿಂತೆಯ, ಮಗನ ಒಂದು ಮಾತೂ ಅರ್ಥವಾಗದಿದ್ದರೂ ಅವನನ್ನು ರಾಕೆಟ್ ಹಾರಿಸುವುದು ತೋರಿಸಲು ಕಾರು ಹತ್ತಿಸಿಕೊಂಡು ಹೋಗುವ ಅಪ್ಪ.

ಹಿಂದೆ ಇದ್ದ ಊರಿನಲ್ಲಿ ನಿಯಮ ಮೀರಿ ಆಟಗಾರರನ್ನು ಸೇರಿಸಿಕೊಳ್ಳುತ್ತಿದ್ದುದನ್ನು ಬಯಲಿಗೆಳೆದದ್ದಕ್ಕೆ ಕೆಲಸ ಕಳೆದುಕೊಂಡವನು ಅವನು. ಮೊದಲ ಕಂತಿನಲ್ಲಿ ಆ ಸತ್ಯ ಮಗನಿಗೆ ತಿಳಿಯುತ್ತದೆ. ಆ ರಾತ್ರಿ ಊಟಕ್ಕೆ ಕೂತಾಗ ಶೆಲ್ಡನ್ ಗವಸು ತೆಗೆದು ಅಪ್ಪನ ಬರಿಗೈ ಹಿಡಿಯುತ್ತಾನೆ. ಇಡೀ ಧಾರಾವಾಹಿ ಯಾವ ದಿಕ್ಕಿಗೆ ಹೋಗುತ್ತದೆಂದು ಆ ಒಂದು ಹಿಡಿತದಲ್ಲೇ ಹೇಳಿಬಿಟ್ಟಿದ್ದಾರೆ.

ಹಳೆಯ ಅಭಿಮಾನಿಗಳು ಲೆಕ್ಕ ತೆಗೆದು ಕೂತರು. ಅಲ್ಲಿ ಹೇಳಿದ್ದು ಇಲ್ಲಿ ಹೊಂದುವುದಿಲ್ಲ, ಬರಹಗಾರರಿಗೆ ತಮ್ಮ ಕಥೆಯೇ ಮರೆತಿದೆ ಎಂದರು. ನೆರೆಮನೆಯ ಬ್ರೆಂಡಾ ಜೊತೆ ಜಾರ್ಜ್ ಸಲುಗೆ ಬೆಳೆಸತೊಡಗಿದಾಗ, ಇನ್ನೇನು ಆ ಕೆಟ್ಟ ದಿನ ಬಂತೆಂದು ಕಾದರು. ಅದು ಬರಲೇ ಇಲ್ಲ. ಏಳನೇ ಸೀಸನ್ನಿನಲ್ಲಿ ಶೆಲ್ಡನ್ ಬಾಗಿಲು ತೆರೆದಾಗ ಅಪ್ಪನ ಜೊತೆ ಇದ್ದದ್ದು ಹೊಂಬಣ್ಣದ ವಿಗ್ ತೊಟ್ಟು ವೇಷ ಹಾಕಿದ್ದ ಅವನ ಅಮ್ಮನೇ! ಹುಡುಗ ಅರೆಗಳಿಗೆ ಕಂಡದ್ದನ್ನು ಜೀವಮಾನವಿಡೀ ತಪ್ಪಾಗಿ ನೆನಪಿಟ್ಟುಕೊಂಡಿದ್ದ.

ಕೆಲವರು ಇದನ್ನು ತೇಪೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಇಡೀ ಕಥೆಯನ್ನು ಹೇಳುತ್ತಿರುವುದು ದೊಡ್ಡವನಾದ ಶೆಲ್ಡನ್, ಪಾರ್ಸನ್ಸ್ ಅವರ ದನಿಯಲ್ಲಿ. ಕೊನೆಯ ಕಂತಿನಲ್ಲಿ ಅವನು ಆತ್ಮಕಥೆ ಬರೆಯುತ್ತಾ ಕೂತಿರುವುದು ಕಾಣುತ್ತದೆ. ಇಪ್ಪತ್ತರ ಹರೆಯದಲ್ಲಿ ಅಪ್ಪನನ್ನು ದೂರಿದವನೇ ತಾನು ಅಪ್ಪನಾದ ಮೇಲೆ ಅದೇ ಮನುಷ್ಯನನ್ನು ಬೇರೆ ಥರ ಕಾಣುತ್ತಿದ್ದಾನೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ನಡೆದಿಲ್ಲ? ಬೈದು ಹೊಡೆದು ಬೆಳೆಸಿದ ಎಂದು ಅಪ್ಪನ ಮೇಲೆ ಮುನಿಸಿಕೊಂಡಿದ್ದ ಮಗ, ತೋಟದ ಸಾಲದ ಕಾಗದಪತ್ರ ತನ್ನ ಕೈಗೆ ಬಂದ ದಿನ ಸುಮ್ಮನಾಗುತ್ತಾನೆ.

ಜಾರ್ಜ್ ಸಾಯುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಶೆಲ್ಡನ್ ಹದಿನಾಲ್ಕರಲ್ಲಿ ತಂದೆಯನ್ನು ಕಳೆದುಕೊಂಡವನೆಂದು ‘ಬಿಗ್ ಬ್ಯಾಂಗ್’ನಲ್ಲೇ ಬಂದಿತ್ತು. ಗೊತ್ತಿದ್ದೂ ಜನ ಅತ್ತರು. ಒಂದು ಸಾಮಾನ್ಯ ಬೆಳಗ್ಗೆ ಬರುತ್ತೇನೆಂದು ಹೇಳಿ ಕೆಲಸಕ್ಕೆ ಹೊರಟ ಅಪ್ಪ, ಸಂಜೆಗೆ ಬಾಗಿಲಲ್ಲಿ ನಿಂತ ಅವನ ಸಹೋದ್ಯೋಗಿಗಳು, ಅಷ್ಟೇ. ಆಸ್ಪತ್ರೆಯಿಲ್ಲ, ಕೊನೆಯ ಮಾತಿಲ್ಲ. ಮುಂದಿನ ಕಂತಿನಲ್ಲಿ ಶೆಲ್ಡನ್ ಆ ಬೆಳಗ್ಗೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುಗಿಸಿ ನೋಡುತ್ತಾನೆ. ತಲೆ ಎತ್ತಿ ಒಂದು ಮಾತಾಡಬಹುದಿತ್ತು, ಜೊತೆಗೆ ಹೋಗಬಹುದಿತ್ತು. ಅಂತ್ಯಸಂಸ್ಕಾರದಲ್ಲಿ ಎದ್ದು ನಿಂತು ಅಪ್ಪನ ಬಗ್ಗೆ ಒಳ್ಳೆಯದಾಗಿ ಮಾತಾಡಿದಂತೆ ಕಲ್ಪಿಸಿಕೊಳ್ಳುತ್ತಾನೆ. ನಿಜದಲ್ಲಿ ಕೂತ ಜಾಗದಿಂದ ಏಳುವುದಿಲ್ಲ.

ಹಾಸ್ಯ ಧಾರಾವಾಹಿಯನ್ನು ಹೀಗೆ ಮುಗಿಸುವುದೇ ಎಂದು ಸಿಟ್ಟಾದವರೂ ಇದ್ದಾರೆ. ಆದರೆ ನೂರಾ ನಲವತ್ತು ಕಂತು ನಮ್ಮನ್ನು ಆ ಮನೆಯ ಮೇಜಿನಲ್ಲಿ ಕೂರಿಸಿ, ಕೊನೆಗೆ ಖಾಲಿ ಕುರ್ಚಿಯನ್ನು ತೋರಿಸದೆ ಎದ್ದು ಹೋಗಿದ್ದರೆ ಅದು ಅಪ್ರಾಮಾಣಿಕತೆ ಆಗುತ್ತಿತ್ತು.

ಮೇಜಿನ ಆಚೆ ಬದಿ

ಈಗ ದೊಡ್ಡಮ್ಮನ ಮಾತಿಗೆ ಬರುತ್ತೇನೆ. ಅವರು ತೋರಿಸಿದ ಹೆಣ್ಣುಮಗು ಮಿಸ್ಸಿ, ಶೆಲ್ಡನ್ನನ ಅವಳಿ ತಂಗಿ. ಅದೇ ಹೊಟ್ಟೆಯಲ್ಲಿ ಅದೇ ದಿನ ಹುಟ್ಟಿದವಳು. ಅವನು ಹೈಸ್ಕೂಲಿಗೆ ಹೋದಾಗ ಇವಳು ತನ್ನ ವಯಸ್ಸಿನವರ ತರಗತಿಯಲ್ಲೇ ಉಳಿದಳು. ಅವನ ಕಾಲೇಜು, ಅವನ ಭಯ, ಅವನ ಊಟದ ಕ್ರಮ, ಎಲ್ಲಕ್ಕೂ ಮನೆ ಒಗ್ಗಿಕೊಂಡಿತು. ಇವಳಿಗೆ ಎದುರಿನವರ ಮುಖ ನೋಡಿ ಮನಸ್ಸು ಓದುವ ಶಕ್ತಿ ಇದೆ. ಮನೆಯಲ್ಲಿ ಯಾರು ಯಾವಾಗ ನೊಂದಿದ್ದಾರೆಂದು ಮೊದಲು ತಿಳಿಯುವುದು ಇವಳಿಗೇ. ಆ ಜಾಣತನಕ್ಕೆ ಯಾರೂ ಪರೀಕ್ಷೆ ಇಟ್ಟಿಲ್ಲ, ಪ್ರಶಸ್ತಿ ಕೊಟ್ಟಿಲ್ಲ.

ಆರನೇ ಸೀಸನ್ನಿನಲ್ಲಿ ಮಿಸ್ಸಿ ಅಪ್ಪನ ಟ್ರಕ್ ಹತ್ತಿ ಮನೆ ಬಿಟ್ಟು ಓಡುತ್ತಾಳೆ. ಜೊತೆಗಿದ್ದವಳು ಪೇಜ್ ಸ್ವಾನ್ಸನ್, ಶೆಲ್ಡನ್ನನಷ್ಟೇ ಮೇಧಾವಿಯಾದ ಹುಡುಗಿ. ಪೇಜ್‌ಳ ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅದಕ್ಕೆ ತಾನೇ ಕಾರಣ ಎಂಬ ಕೊರಗು ಅವಳಲ್ಲಿದೆ. ಕಾಲೇಜು ಬಿಡುತ್ತಾಳೆ, ದಾರಿ ತಪ್ಪುತ್ತಾಳೆ. ಜಾಣ ಮಗುವಿನ ಹಿಂದೆ ಒಂದು ಇಡೀ ಮನೆ ಗಟ್ಟಿಯಾಗಿ ನಿಲ್ಲದಿದ್ದರೆ ಏನಾಗುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾತ್ರ ಸಿಗಲಾರದು. ಅದನ್ನು ಅರ್ಧಕ್ಕೇ ಕೈಬಿಟ್ಟರು. ನೋಡುಗರ ದೂರುಗಳಲ್ಲಿ ನಾನು ಪೂರ್ತಿ ಒಪ್ಪುವುದು ಇದನ್ನು. ಅವಳಿಗೆ ಏನಾಯಿತೆಂದು ಹೇಳದೆ ಕಥೆ ಮುಗಿಸಿದ್ದು ದೊಡ್ಡ ಕೊರತೆ.

ಅಣ್ಣ ಜಾರ್ಜಿಯದು ಇನ್ನೊಂದು ಹಾದಿ. ಓದು ಹತ್ತಲಿಲ್ಲ, ಶಾಲೆ ಬಿಟ್ಟ, ವ್ಯಾಪಾರಕ್ಕೆ ಇಳಿದ. ಹದಿನೇಳರಲ್ಲಿ ವಯಸ್ಸು ಸುಳ್ಳು ಹೇಳಿ ಇಪ್ಪತ್ತೊಂಬತ್ತರ ಮ್ಯಾಂಡಿಯ ಜೊತೆ ಓಡಾಡಿ ಅಪ್ಪನೂ ಆದ. ಆ ವಯಸ್ಸಿನ ಅಂತರವನ್ನು ಹಾಸ್ಯಕ್ಕೆ ಬಳಸಿದ್ದು ಅನೇಕರಿಗೆ ಹಿಡಿಸಲಿಲ್ಲ, ಅದು ಸರಿಯಾದ ಆಕ್ಷೇಪವೇ. ಆದರೆ ಅಪ್ಪ ಹೋದ ಮೇಲೆ ಮನೆಯ ನೊಗಕ್ಕೆ ಹೆಗಲು ಕೊಟ್ಟವನು ಅವನೇ. ‘ಬಿಗ್ ಬ್ಯಾಂಗ್’ನ 11ನೇ ಸೀಸನ್ನಿನಲ್ಲಿ ಬಹಳ ವರ್ಷ ಮಾತುಬಿಟ್ಟಿದ್ದ ಈ ಅಣ್ಣನನ್ನು ಶೆಲ್ಡನ್ ಹುಡುಕಿಕೊಂಡು ಹೋಗುವ ಒಂದು ಕಂತಿದೆ. ಟೈರ್ ಅಂಗಡಿಗಳ ಮಾಲೀಕನಾದ ಅಣ್ಣ ಆಗ ಹೇಳುತ್ತಾನೆ: ನೀನು ಓದಲು ಹೊರಟುಹೋದೆ, ಅಮ್ಮನನ್ನೂ ತಂಗಿಯನ್ನೂ ನೋಡಿಕೊಂಡವನು ನಾನು. ಶೆಲ್ಡನ್ನನಿಗೆ ಅಲ್ಲಿಯವರೆಗೂ ಅದು ತಿಳಿದೇ ಇರಲಿಲ್ಲ.

‘ಯಂಗ್ ಶೆಲ್ಡನ್’ನ ಬೀಜ ಇರುವುದು ಆ ಒಂದು ಮಾತಿನಲ್ಲಿ. ಸೀಸನ್‌ಗಳು ಸಾಗಿದಂತೆ ಶೆಲ್ಡನ್ ಮೂಲೆಗೆ ಸರಿದ, ಮನೆಯವರೇ ತುಂಬಿಕೊಂಡರು ಎಂದು ಗೊಣಗಿದವರುಂಟು. ಧಾರಾವಾಹಿ ಪಕ್ವವಾದದ್ದೇ ಹಾಗೆ ಸರಿದದ್ದರಿಂದ. ಅದರ ನಂತರ ಬಂದ ಕವಲಿನಲ್ಲಂತೂ ಜಾಣನೇ ಇಲ್ಲ: 2024ರ ಅಕ್ಟೋಬರ್‌ನಲ್ಲಿ ಶುರುವಾದ ‘ಜಾರ್ಜಿ ಅಂಡ್ ಮ್ಯಾಂಡೀಸ್ ಫಸ್ಟ್ ಮ್ಯಾರೇಜ್’ ಓದು ಹತ್ತದ ಅಣ್ಣನ ಸಂಸಾರದ ಕಥೆ. ನಗುವ ಪ್ರೇಕ್ಷಕರೂ ಅದರಲ್ಲಿ ಮರಳಿ ಬಂದಿದ್ದಾರೆ.

■ ನಮ್ಮ ಮಕ್ಕಳು, ನಮ್ಮ ಪರದೆ
ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದದ್ದು 1987ರಲ್ಲಿ. ಚಿತ್ರೀಕರಣ ಹೆಚ್ಚಾಗಿ ಆಗುಂಬೆಯಲ್ಲಿ. ಸ್ವಾಮಿ ಪಾತ್ರ ಮಾಸ್ಟರ್ ಮಂಜುನಾಥ್ ಅವರದು. ಲೆಕ್ಕಕ್ಕೆ ಹೆದರುವ ಹುಡುಗ ಈ ಸ್ವಾಮಿ. ಆದರೂ ಇಡೀ ದೇಶ ಅವನನ್ನು ಎತ್ತಿಕೊಂಡಿತು.
2006ರಲ್ಲಿ ಇದೇ ಸರಣಿಯ ಹೊಸ ಕಂತುಗಳನ್ನು ಕವಿತಾ ಲಂಕೇಶ್ ನಿರ್ದೇಶಿಸಿದರು.

ಪಾಂಡು ಮನೆಯ ಪೋರ

ಕನ್ನಡದ ಹಾಸ್ಯ ಧಾರಾವಾಹಿಗಳಲ್ಲಿ ಶೆಲ್ಡನ್ನನಂಥ ಜಾಣ ಮಗು ಇತ್ತೇ? ಕಥೆಯಲ್ಲಿ ಇರಲಿಲ್ಲ, ಸೆಟ್ಟಿನಲ್ಲಿತ್ತು.

ಈಟಿವಿ ಕನ್ನಡದ ‘ಪಾಪ ಪಾಂಡು’ವನ್ನು ಮರೆತವರು ಯಾರು? ಚಿದಾನಂದ, ಶಾಲಿನಿ ಜೋಡಿಯ ಆ ಗಂಡ ಹೆಂಡಿರ ಜಗಳಕ್ಕೆ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂತ ಸಂಜೆಗಳು ಈ ಕಡೆಯ ಪ್ರತಿ ಮನೆಯಲ್ಲೂ ಇವೆ. ಅದರಲ್ಲಿ ನಟಿಸಿದ ಪುಟ್ಟ ಹುಡುಗ ಮಾಸ್ಟರ್ ಕಿಶನ್. 1996ರಲ್ಲಿ ಹುಟ್ಟಿದ ಕಿಶನ್ ಶ್ರೀಕಾಂತ್ ಒಂಬತ್ತರ ವಯಸ್ಸಿಗೆ ನಿರ್ದೇಶಕನ ಟೋಪಿ ಹಾಕಿ ‘ಕೇರ್ ಆಫ್ ಫುಟ್‌ಪಾತ್’ ಚಿತ್ರ ಮಾಡಿದರು. ಶೆಲ್ಡನ್ ಹೈಸ್ಕೂಲು ಸೇರಿದ ವಯಸ್ಸೂ ಅದೇ.

ಸಿಗ್ನಲ್‌ಗಳಲ್ಲಿ ಪತ್ರಿಕೆ ಮಾರುವ ಮಕ್ಕಳು ಯಾಕೆ ಶಾಲೆಗೆ ಹೋಗುವುದಿಲ್ಲ ಎಂದು ಕೇಳಿದ್ದರಿಂದ ಹುಟ್ಟಿದ ಕಥೆ ಅದು. ಕೊಳೆಗೇರಿಯ ಅನಾಥ ಹುಡುಗನೊಬ್ಬ ಓದಬೇಕೆಂದು ಹಂಬಲಿಸುತ್ತಾನೆ. ಜಾಕಿ ಶ್ರಾಫ್, ಸೌರಭ್ ಶುಕ್ಲಾ, ತಾರಾ ಅವರಂಥ ಹಿರಿಯರು ಒಂಬತ್ತರ ಹುಡುಗನ ಆ್ಯಕ್ಷನ್ ಕಟ್‌ಗೆ ನಟಿಸಿದರು. 2006ರಲ್ಲಿ ತೆರೆಕಂಡ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಪೂರ್ಣಾವಧಿ ಚಿತ್ರ ನಿರ್ದೇಶಿಸಿದ ಅತಿ ಕಿರಿಯನೆಂದು ಗಿನ್ನೆಸ್ ದಾಖಲೆಯೂ ಆಯಿತು. 2015ರಲ್ಲಿ ಅದರ ಎರಡನೇ ಭಾಗವನ್ನೂ ಅವರೇ ತಂದರು.

ತನ್ನದಲ್ಲದ ಬದುಕಿನ ಕಡೆ ಕಣ್ಣು ಹೊರಳಿಸಿದ ಮಗುವಿನ ಜಾಣತನ ಅದು. ಈ ಚಿತ್ರದ ನೆನಪು ನಮ್ಮಲ್ಲಿ ಇನ್ನೂ ಹೆಚ್ಚು ಉಳಿಯಬೇಕಿತ್ತು.

‘ಪಾಪ ಪಾಂಡು’ 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂತು. ಶಾಲಿನಿ, ಚಿದಾನಂದ ಜೋಡಿಯೇ ಮರಳಿದರೂ ಹಳೆಯದರೊಡನೆ ಹೋಲಿಕೆ ತಪ್ಪಲಿಲ್ಲ. ಹತ್ತು ಹದಿನೈದು ವರ್ಷ ಹಿಂದೆ ನಕ್ಕ ನಗುವನ್ನೇ ಮತ್ತೆ ಕೊಡು ಎಂದು ಕೇಳುವ ನೋಡುಗ ಅಮೆರಿಕದಲ್ಲೂ ಒಂದೇ, ಹಾಸನದಲ್ಲೂ ಒಂದೇ.

ಶಕುಂತಲಾ ದೇವಿಯ ಮನೆ

ಜಾಣ ಮಗುವಿನ ಮನೆ ಎಂದಾಗ ನನ್ನ ಮನಸ್ಸು ಶಕುಂತಲಾ ದೇವಿಯ ಕಡೆಗೆ ಹೋಗುತ್ತದೆ. 1929ರ ನವೆಂಬರ್ 4ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಸರ್ಕಸ್ಸಿನ ಕಲಾವಿದ. ಮೂರು ವರ್ಷದ ಮಗಳಿಗೆ ಇಸ್ಪೀಟು ಎಲೆಯ ಕಸರತ್ತು ಕಲಿಸುವಾಗ ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಅವಳ ಶಕ್ತಿ ತಂದೆಯ ಕಣ್ಣಿಗೆ ಬಿತ್ತು. ಆರರ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕೊಟ್ಟಳು.

ಆಕೆಗೆ ಶಾಲೆ ಸಿಗಲಿಲ್ಲ. ಮನೆಯ ಅನ್ನ ಆ ಮಗುವಿನ ಪ್ರದರ್ಶನದಿಂದ ಬರತೊಡಗಿತ್ತು. ಶೆಲ್ಡನ್ನನ ಮನೆ ಅವನಿಗಾಗಿ ದುಡಿಯಿತು, ಇಲ್ಲಿ ಮಗುವೇ ಮನೆಗಾಗಿ ದುಡಿಯಿತು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಸಾಧನೆ ನಮಗೆಲ್ಲ ಬಾಯಿಪಾಠ. ಶಾಲೆಯ ಬೆಂಚು ಕಾಣದ ಆ ಬಾಲ್ಯದ ಬಗ್ಗೆ ನಾವು ಅಷ್ಟು ಮಾತಾಡುವುದಿಲ್ಲ.

ವಿದ್ಯಾ ಬಾಲನ್ ನಟಿಸಿದ ‘ಶಕುಂತಲಾ ದೇವಿ’ ಚಿತ್ರ 2020ರಲ್ಲಿ ಬಂದಾಗ ಅದಕ್ಕೂ ಮಿಶ್ರ ಪ್ರತಿಕ್ರಿಯೆಯೇ ಸಿಕ್ಕಿತು. ಲೆಕ್ಕದ ಅದ್ಭುತ ನೋಡಲು ಬಂದವರಿಗೆ ತಾಯಿ ಮಗಳ ಮನಸ್ತಾಪ ಎದುರಾಯಿತು. ಮಗಳ ಕಣ್ಣಿನಿಂದ ಹೇಳಿದ ಕಥೆ ಅದು. ಮೇಧಾವಿಯ ಪಕ್ಕದಲ್ಲಿ ಬೆಳೆದವರಿಗೂ ಹೇಳುವುದಿದೆ ಎಂದು ಒಪ್ಪಲು ನೋಡುಗರಿಗೆ ಇಷ್ಟು ಕಷ್ಟವೇಕೆ?

ಆಲೂರಿನ ಶೆಲ್ಡನ್‌ಗಳು

ಶೆಲ್ಡನ್ನನಂಥ ಹುಡುಗ ನಮ್ಮಲ್ಲಿ ಹುಟ್ಟಿದರೆ ಒಂಬತ್ತಕ್ಕೆ ಹೈಸ್ಕೂಲು ಸೇರಲಾರ. ನಮ್ಮದು ವಯಸ್ಸಿಗೆ ತಕ್ಕ ತರಗತಿಯ ಪದ್ಧತಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮಕ್ಕೆ ತಂದೆ ತಾಯಂದಿರು ಪರದಾಡಿ, 2025–26ನೇ ಸಾಲಿಗೆ ಮಾತ್ರ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದು ನೆನಪಿರಬಹುದು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಪ್ರತಿಭಾವಂತ ಮಕ್ಕಳನ್ನು ಗುರುತಿಸಿ ಬೆಳೆಸುವ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಆದರೆ ಆಲೂರಿನ ಒಂದು ಹಳ್ಳಿಯ ಮನೆಗೆ ಗೊತ್ತಿರುವ ದಾರಿ ಒಂದೇ: ನವೋದಯ.

ಐದನೇ ಕ್ಲಾಸಿನಲ್ಲಿ ಪರೀಕ್ಷೆ. ಜಿಲ್ಲೆಯ ನವೋದಯ ಶಾಲೆಗೆ ಆರನೇ ತರಗತಿಗೆ ತೆಗೆದುಕೊಳ್ಳುವುದು 80 ಮಕ್ಕಳನ್ನು, ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿಯವರಿಗೆ. ಪಾಸಾದರೆ ಹತ್ತು ಹನ್ನೊಂದರ ಮಗು ಟ್ರಂಕು ಹಿಡಿದು ಹಾಸ್ಟೆಲಿಗೆ ಹೊರಡಬೇಕು. ಒಂಬತ್ತನೇ ತರಗತಿಗೆ ಬಂದಾಗ ಕೆಲವು ಮಕ್ಕಳು ಒಂದು ವರ್ಷದ ಮಟ್ಟಿಗೆ ಉತ್ತರದ ಹಿಂದಿ ನಾಡಿನ ನವೋದಯಕ್ಕೂ ಹೋಗುತ್ತಾರೆ. ಹದಿನಾಲ್ಕಕ್ಕೆ ಮನೆ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೊರಟ ಶೆಲ್ಡನ್ನನ ಬೀಳ್ಕೊಡುಗೆ ಈ ಕಡೆಯ ತಾಯಂದಿರಿಗೆ ಹೊಸದಲ್ಲ.

ಓದಿನ ವಿಷಯದಲ್ಲಿ ಹಾಸನಕ್ಕೆ ಹೆಮ್ಮೆ ಇದೆ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ಇಡೀ ರಾಜ್ಯಕ್ಕೆ ಮೊದಲು ಬಂದಾಗ ಪೇಟೆಗಳಲ್ಲಿ ಸಿಹಿ ಹಂಚಿದರು. ಪ್ರತಿ ಮೇ ತಿಂಗಳು ಹೆದ್ದಾರಿ ಬದಿಯಲ್ಲಿ ಅಂಕ ತೆಗೆದ ಮಕ್ಕಳ ಫ್ಲೆಕ್ಸ್ ಏಳುತ್ತದೆ. ಆ ಫ್ಲೆಕ್ಸಿನಲ್ಲಿ ಇರದ ಒಬ್ಬ ಅಣ್ಣನನ್ನು ನಾನು ಈ ಊರಿನಲ್ಲಿ ಬಲ್ಲೆ. ತಮ್ಮ ಮೆಡಿಕಲ್ ಓದಲು ಹೋದ ವರ್ಷ ಇವನು ಪಿಯುಸಿ ಬಿಟ್ಟು ಶುಂಠಿ ಹಾಕಿದ. ರೇಟು ಬಿದ್ದ ವರ್ಷವೂ ತಮ್ಮನ ಫೀಸು ತಪ್ಪಲಿಲ್ಲ. ಆನೆ ಇಳಿದ ರಾತ್ರಿ ಗದ್ದೆ ಕಾಯುವವನೂ ಇವನೇ, ಅಮ್ಮನನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವವನೂ ಇವನೇ. ‘ಯಂಗ್ ಶೆಲ್ಡನ್’ನ ಕೊನೆಯ ಕಂತುಗಳನ್ನು ನೋಡುವಾಗ ನನಗೆ ಕಂಡದ್ದು ಟೆಕ್ಸಾಸ್‌ನ ಜಾರ್ಜಿ ಅಲ್ಲ, ಇವನು.

■ ನೋಡುವವರಿಗೆ
ಮೊದಲ ಸೀಸನ್ನಿನಲ್ಲೇ ಕೈಬಿಡಬೇಡಿ. ನಾಲ್ಕನೇ ಸೀಸನ್ನಿನಿಂದ ಧಾರಾವಾಹಿಯ ನಡಿಗೆ ಬದಲಾಗುತ್ತದೆ.
‘ಬಿಗ್ ಬ್ಯಾಂಗ್’ ನೋಡಿರಲೇಬೇಕೆಂದಿಲ್ಲ. ನೋಡದವರಿಗೆ ಹೋಲಿಕೆಯ ತೊಡಕೂ ಇಲ್ಲ.
ಏಳನೇ ಸೀಸನ್ನಿನಲ್ಲಿ 14 ಕಂತು ಮಾತ್ರ. 2023ರ ಹಾಲಿವುಡ್ ಮುಷ್ಕರದಿಂದ ಅದು ಚಿಕ್ಕದಾಯಿತು. ಕೊನೆಯ ಮೂರನ್ನು ಒಟ್ಟಿಗೆ ನೋಡಿ.

ನನ್ನ ತೀರ್ಪು

ಶೆಲ್ಡನ್ನನಿಗೆ ಆಟಿಸಂ ಇದೆಯೇ ಎಂಬ ಚರ್ಚೆಯೂ ಬಹಳ ನಡೆದಿದೆ. ಧಾರಾವಾಹಿ ಮಾಡಿದವರು ಆ ಹೆಸರನ್ನು ಕೊಡಲಿಲ್ಲ. ಅಂಥ ಮಕ್ಕಳಿರುವ ಕೆಲವು ತಂದೆ ತಾಯಂದಿರು ಪರದೆಯ ಮೇಲೆ ತಮ್ಮ ಮಗುವನ್ನು ಕಂಡೆವೆಂದರು. ಇನ್ನು ಕೆಲವರು, ನಮ್ಮ ಮಗುವಿನ ಕಷ್ಟ ನಿಮಗೆ ತಮಾಷೆಯೇ ಎಂದು ಕೇಳಿದರು. ಎರಡೂ ನೋವಿನ ಮಾತೇ. ಹೆಸರು ಕೊಡದೆ ಲಕ್ಷಣಗಳಿಂದ ಮಾತ್ರ ನಗಿಸಿದ್ದರೆ ಎರಡನೆಯವರ ಸಿಟ್ಟೇ ನ್ಯಾಯವಾಗುತ್ತಿತ್ತು. ಧಾರಾವಾಹಿಯನ್ನು ಉಳಿಸಿದ್ದು ತಾಯಿ ಮೇರಿ. ಮಗ ದೇವರನ್ನು ನಂಬುವುದಿಲ್ಲ, ಆಕೆಗೆ ಚರ್ಚೇ ಪ್ರಪಂಚ. ಅವನನ್ನು ಬದಲಾಯಿಸಲು ಹೊರಡದೆ ಏಳು ಸೀಸನ್ ಅವನ ಕಾವಲಿಗೆ ನಿಂತಳು. ಗಂಡ ಸತ್ತ ಮೇಲೆ ಮಕ್ಕಳಿಗೆ ದೀಕ್ಷಾಸ್ನಾನ ಆಗಲೇಬೇಕೆಂದು ಹಟ ಹಿಡಿದಾಗ ಮಿಸ್ಸಿ ಒಪ್ಪಲಿಲ್ಲ, ಶೆಲ್ಡನ್ ನೀರಿಗೆ ಇಳಿದ. ನಂಬಿಕೆಯಿಂದಲ್ಲ, ಅಮ್ಮನಿಗಾಗಿ. ಎದುರಿನವರ ಮನಸ್ಸು ಅರಿಯದ ಹುಡುಗ ಏಳು ಸೀಸನ್‌ಗಳಲ್ಲಿ ಕಲಿತದ್ದನ್ನು ಆ ಒಂದು ಮುಳುಗಿನಲ್ಲಿ ತೋರಿಸಿದ್ದಾರೆ.

ಹಾಸ್ಯ ಧಾರಾವಾಹಿಯಾಗಿ ‘ಯಂಗ್ ಶೆಲ್ಡನ್’ ಸಾಧಾರಣ. ಸಂಸಾರದ ಕಥೆಯಾಗಿ, ಇತ್ತೀಚಿನ ವರ್ಷಗಳಲ್ಲಿ ಟಿವಿ ಕೊಟ್ಟ ಅತ್ಯುತ್ತಮ ಕೃತಿಗಳಲ್ಲಿ ಒಂದು. ನಗು ಸಾಲದು ಎಂದು ಎದ್ದು ಹೋದವರು ಮತ್ತೊಮ್ಮೆ ಬಂದು ಕೂರಬೇಕು, ಈ ಸಲ ಶೆಲ್ಡನ್ನನನ್ನು ಬಿಟ್ಟು ಉಳಿದವರನ್ನು ನೋಡಲು.

ಕನ್ನಡ ವಾಹಿನಿಗಳಿಗೂ ಒಂದು ಮನವಿ ಇದೆ. ಸಂಜೆಯ ಧಾರಾವಾಹಿಗಳಲ್ಲಿ ಅತ್ತೆ ಸೊಸೆಯ ಸಂಚು ಬಹಳ ಆಯಿತು. ಮಲೆನಾಡಿನ ಅಂಚಿನ ಒಂದು ಮನೆ, ನವೋದಯ ಪಾಸಾದ ತಮ್ಮ, ಶುಂಠಿ ಹಾಕುವ ಅಣ್ಣ, ಫ್ಲೆಕ್ಸಿಗೆ ಬಾರದ ತಂಗಿ: ಇಷ್ಟನ್ನು ಕೈಗೆತ್ತಿಕೊಂಡು ಅರ್ಧ ಗಂಟೆಯ ಕಂತುಗಳಾಗಿ ಬರೆಸಿ. ಶಂಕರ್ ನಾಗ್ ಆಗುಂಬೆಗೆ ಕ್ಯಾಮೆರಾ ಹೊತ್ತರು, ನೀವು ಆಲೂರಿಗೆ ಬನ್ನಿ. ನೋಡಲು ನಾವಿದ್ದೇವೆ.